ಸ್ವಂತ ಸರ್ವರ್: ಫ್ರೀಡಂಬಾಕ್ಸ್ ಕುರಿತು ಒಂದು ವಿಮರ್ಶೆ

ನಮ್ಮ ಫೋಟೋ, ಟಿಪ್ಪಣಿ, ಪ್ರಯೋಗದ ಅಳತೆಗಳನ್ನೆಲ್ಲ ಬೇರೆಯವರ ಗಣಕಗಳಲ್ಲಿಟ್ಟು ನಿಶ್ಚಿಂತರಾಗಿದ್ದೇವೆ. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಬಾಗಿಲು ಮುಚ್ಚಿದಾಗ ಆ ನಿಶ್ಚಿಂತೆಯ ಬೆಲೆ ಹಲವರಿಗೆ ತಿಳಿಯಿತು. ಇಂಥ ಸೇವೆಗಳನ್ನು ನಮ್ಮದೇ ಗಣಕದಲ್ಲಿ ನಡೆಸಬಾರದೇಕೆ? 2010ರಲ್ಲಿ ಎಬೆನ್ ಮೋಗ್ಲೆನ್ ಮುಂದಿಟ್ಟ ಕಲ್ಪನೆಯಿಂದ ರೂಪುಗೊಂಡ ಫ್ರೀಡಂಬಾಕ್ಸ್ ಈ ಪ್ರಶ್ನೆಗೆ ಒಂದು ಉತ್ತರ. ಡೆಬಿಯನ್ ಆಧಾರಿತವಾದ ಈ ಮುಕ್ತ ತಂತ್ರಾಂಶ ಅಂಗೈಯಗಲದ ಗಣಕದಲ್ಲೂ ಓಡುತ್ತದೆ. ಆಜ್ಞೆಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಬ್ರೌಸರಿನ ಪುಟದಲ್ಲಿ ಗುಂಡಿ ಒತ್ತಿದರೆ ಸಾಕು.

ಚಿಕ್ಕ ಗಣಕವನ್ನೇ ಆರಿಸಿರಿ. 5 ವ್ಯಾಟ್ ಬಳಸುವ ಗಣಕ ವರ್ಷವಿಡೀ ಓಡಿದರೆ ಸುಮಾರು 44 ಯೂನಿಟ್ ವಿದ್ಯುತ್ ಬೇಕು. ಅಟ್ಟ ಸೇರಿದ 60 ವ್ಯಾಟಿನ ಹಳೆಯ ಗಣಕಕ್ಕೆ 525! ಹಳೆಯದು ಪುಕ್ಕಟೆ ಎನ್ನುವುದು ಭ್ರಮೆ.

ಅಳವಡಿಕೆ ಇಷ್ಟು ಸುಲಭವಾದದ್ದೇ ನನಗೆ ಅಳುಕು ತರುತ್ತದೆ. ಮುಂದಿನ ಎರಡು ತೊಡಕುಗಳನ್ನು ಗುಂಡಿಗಳು ಮರೆಸಿಬಿಡುತ್ತವೆ. ಒಂದು, ವಿಳಾಸ. ಐಪಿ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು; ಒಟ್ಟು ಸುಮಾರು 429 ಕೋಟಿ, ಜಗತ್ತಿಗೆ ಸಾಲದು. ಹೀಗಾಗಿ ಅನೇಕ ಸಂಪರ್ಕಗಳಲ್ಲಿ ನೂರಾರು ಮನೆಗಳಿಗೆ ಒಂದೇ ಹೊರವಿಳಾಸ. ನಿಮ್ಮ ರೂಟರಿನ ಹೊರವಿಳಾಸ 100.64ರಿಂದ 100.127ರೊಳಗೆ ಆರಂಭವಾಗಿದ್ದರೆ ಹೊರಗಿನಿಂದ ನಿಮ್ಮ ಸರ್ವರನ್ನು ನೇರವಾಗಿ ತಲುಪಲಾಗದು. ಪೇಜ್‌ಕೈಟ್‌ನಂಥ ಮಧ್ಯವರ್ತಿ ಸೇವೆಯ ನೆರವು ಪಡೆಯಬಹುದು, ನಿಜ; ಆದರೆ ಆಗ ಮತ್ತೆ ಪರರ ಹಂಗು.

ಎರಡನೆಯದು ಹೆಚ್ಚು ನೋವಿನದು. ಮಂಗಳೂರಿನ ಮೇ ತಿಂಗಳ ಗುಡುಗು-ಸಿಡಿಲು ನಿಮಗೆ ಹೊಸದಲ್ಲ. ಅಂಥದೊಂದು ಸಂಜೆ ನನ್ನ ಮನೆಯ ಸರ್ವರ್ ಸುಟ್ಟಿತು. ದಿನವೂ ‘ಸ್ನ್ಯಾಪ್‌ಶಾಟ್’ ಆಗುತ್ತಿದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಅದೂ ಅದೇ ಡಿಸ್ಕಿನಲ್ಲಿತ್ತು! ವಿದ್ಯಾರ್ಥಿಗಳ ಮೂರು ವರ್ಷಗಳ ಪ್ರಯೋಗದ ಅಳತೆಗಳು ಹೋದವು. ಸ್ನ್ಯಾಪ್‌ಶಾಟ್ ಎಂದರೆ ಬ್ಯಾಕಪ್ ಅಲ್ಲ ಎಂದು ಫ್ರೀಡಂಬಾಕ್ಸ್ ಹೇಳುತ್ತದೆ. ಬೇರೆ ಡಿಸ್ಕಿಗೋ ದೂರದ ಗಣಕಕ್ಕೋ ಬ್ಯಾಕಪ್ ಇಡುವ ವ್ಯವಸ್ಥೆಯೂ ಅದರಲ್ಲಿದೆ. ಆದರೆ ಇವೆರಡೂ ಒಂದೇ ಪುಟದಲ್ಲಿ ಇತರ ಗುಂಡಿಗಳ ಜೊತೆಗಿದ್ದರೆ ಹೊಸಬನಿಗೆ ವ್ಯತ್ಯಾಸ ತಿಳಿಯುವುದೆಂತು? ಬ್ಯಾಕಪ್ ಸಿದ್ಧಪಡಿಸುವವರೆಗೆ ಬೇರಾವ ಸೇವೆಯನ್ನೂ ತೆರೆಯಗೊಡದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಎಲ್ಲಿಂದ ತೊಡಗಬೇಕು? ಕಳೆದುಹೋದರೂ ಮತ್ತೆ ಸಿಗುವಂಥದ್ದರಿಂದ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪ್ರತಿಯನ್ನು ಕಿವಿಕ್ಸ್ ತಂತ್ರಾಂಶದ ಮೂಲಕ ನಿಮ್ಮ ಶಾಲೆಯ ಪ್ರಯೋಗಾಲಯದೊಳಗೆ ಬಡಿಸಿರಿ. ಇದಕ್ಕೆ ಹೊರವಿಳಾಸ ಬೇಡ, ಅಂತರಜಾಲ ಕಡಿದರೂ ಪಾಠ ನಿಲ್ಲದು, ಯಾರ ಖಾಸಗಿ ಮಾಹಿತಿಯೂ ಇಲ್ಲ. ಆಮೇಲೆ ಬೇರೆ ಡಿಸ್ಕಿನಲ್ಲಿ ಬ್ಯಾಕಪ್ ಮಾಡಿ, ಖಾಲಿ ಗಣಕವೊಂದರಲ್ಲಿ ಅದನ್ನು ಮರಳಿ ತಂದು ನೋಡಿರಿ. ಅದು ಸಾಧಿಸಿದ ಮೇಲೆ ಫೋಟೋ, ಟಿಪ್ಪಣಿಗಳಿಗೆ ಕೈಹಾಕಬಹುದು. ಮಿಂಚಂಚೆ ಮಾತ್ರ ಸದ್ಯಕ್ಕೆ ಬೇಡ. ಮನೆಯ ವಿಳಾಸದಿಂದ ಹೊರಟ ಅಂಚೆಯನ್ನು ದೊಡ್ಡ ಸೇವೆಗಳು ಬಹುಮಟ್ಟಿಗೆ ರದ್ದಿ ಎಂದೇ ಬಗೆಯುತ್ತವೆ.