ಸಂಬಳ ಮುಟ್ಟದ ಸೆಂಟರ್ ಫಾರ್ವರ್ಡ್

ಚೆಂಡಿಗೆ ತಲೆ ಕೊಡುವುದೆಂದರೆ ಜಿ. ಒ. ಸ್ಮಿತ್‌ಗೆ ಆಗುತ್ತಿರಲಿಲ್ಲ. ಮೈ ತೆಳು, ಮೇಲೆ ಅಸ್ತಮಾ. ಇಂಥವನು 1893ರಿಂದ 1901ರವರೆಗೆ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಸೆಂಟರ್ ಫಾರ್ವರ್ಡ್ ಆಗಿ 20 ಪಂದ್ಯ ಆಡಿ 11 ಗೋಲು ಹೊಡೆದ.

ಭುಜ ಕೊಟ್ಟು ಎದುರಾಳಿಯನ್ನು ಉರುಳಿಸುವುದು ನಿಯಮದೊಳಗೇ ಇದ್ದ ಕಾಲ ಅದು. ಸ್ಮಿತ್ ಆ ಗುದ್ದಾಟಕ್ಕೇ ಇಳಿಯಲಿಲ್ಲ. ರಕ್ಷಣೆಯವರು ತನ್ನ ಮೇಲೆ ಬೀಳುವವರೆಗೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು, ಅವರು ಬಂದ ಕ್ಷಣ ಪಕ್ಕದವನಿಗೆ ದಾಟಿಸಿಬಿಡುತ್ತಿದ್ದ. ಆ ಪಕ್ಕದವನು ಹಲವು ಬಾರಿ ಡರ್ಬಿ ಕೌಂಟಿಯ ಸ್ಟೀವ್ ಬ್ಲೂಮರ್, ಕಮ್ಮಾರಸಾಲೆಯಿಂದ ಬಂದ ವೃತ್ತಿಪರ. (ಸ್ಮಿತ್ ಎಂದರೇ ಕಮ್ಮಾರ. ಹೆಸರು ಒಬ್ಬನದು, ಕಸುಬು ಇನ್ನೊಬ್ಬನದು.) 1899ರ ಫೆಬ್ರವರಿಯಲ್ಲಿ ಸಂಡರ್ಲ್ಯಾಂಡಿನಲ್ಲಿ ಇಂಗ್ಲೆಂಡ್ ಐರ್ಲೆಂಡನ್ನು 13–2ರಿಂದ ಹಣಿದಾಗ ನಾಲ್ಕು ಗೋಲು ಸ್ಮಿತ್‌ನವು, ಎರಡು ಬ್ಲೂಮರ್‌ನವು.

ಆಟದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಆ ಆಟಕ್ಕೆ ಕಟ್ಟಿದ ‘ಸಭ್ಯ ಹವ್ಯಾಸಿ’ ಎಂಬ ಪ್ರಭಾವಳಿಯ ಬಗ್ಗೆ.

ಸ್ಮಿತ್ ಆಡಿದ ಕೊರಿಂಥಿಯನ್ ಕ್ಲಬ್ ಹುಟ್ಟಿದ್ದು 1882ರಲ್ಲಿ. ಕಪ್, ಬಹುಮಾನಗಳಿಗಾಗಿ ಆಡಬಾರದೆಂಬುದು ಅದರ ಕಟ್ಟಳೆ. 1891ರಲ್ಲಿ ಪೆನಾಲ್ಟಿ ನಿಯಮ ಬಂದಾಗ ಅವರಿಗೆ ಅದು ಅವಮಾನವೆನಿಸಿತು. ಸಭ್ಯರು ಬೇಕೆಂದೇ ತಪ್ಪು ಮಾಡುತ್ತಾರೆಯೇ? ತಮ್ಮ ವಿರುದ್ಧ ಪೆನಾಲ್ಟಿ ಕೊಟ್ಟರೆ ಅವರ ಗೋಲ್‌ಕೀಪರ್ ಕಂಬಕ್ಕೆ ಸರಿದು ಬಾಗಿಲು ಬಿಟ್ಟುಕೊಡುತ್ತಿದ್ದನೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಕೇಳಲು ಸೊಗಸು. ಆದರೆ ಚಾರ್ಟರ್‌ಹೌಸ್, ಆಕ್ಸ್‌ಫರ್ಡಿನಂಥ ಕಡೆ ಓದಿ ಬಂದವರಿಗೆ ಶನಿವಾರದ ಕೂಲಿ ತಪ್ಪುವ ಚಿಂತೆ ಇರಲಿಲ್ಲ. ಗಿರಣಿ, ಗಣಿಗಳ ಹುಡುಗರಿಗೆ ಇತ್ತು. ಆಟಕ್ಕೆ ಹಣ ಪಡೆಯುವುದನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ 1885ರಲ್ಲಿ ಒಪ್ಪಿದ್ದರ ಹಿಂದೆ ಇದ್ದದ್ದು ಈ ಹೊಟ್ಟೆಪಾಡು.

ಸಭ್ಯತೆಯ ಅಸಲಿ ಬಣ್ಣ ನೋಡಬೇಕಾದರೆ 1896ರ ಲಾರ್ಡ್ಸ್‌ಗೆ ಹೋಗಬೇಕು. ಆಕ್ಸ್‌ಫರ್ಡ್–ಕೇಂಬ್ರಿಜ್ ಕ್ರಿಕೆಟ್. ಆಗಿನ ನಿಯಮದಂತೆ 120 ರನ್ ಹಿಂದೆ ಬಿದ್ದ ತಂಡ ಫಾಲೋ-ಆನ್ ಮಾಡಲೇಬೇಕಿತ್ತು. ಆಕ್ಸ್‌ಫರ್ಡ್ ಹಾಗೆ ಮತ್ತೆ ಬ್ಯಾಟಿಗಿಳಿಯುವುದು ಕೇಂಬ್ರಿಜ್ ನಾಯಕ ಫ್ರಾಂಕ್ ಮಿಚೆಲ್‌ಗೆ ಬೇಕಿರಲಿಲ್ಲ. ಹಿನ್ನಡೆ 120ಕ್ಕಿಂತ ಕಡಿಮೆಯಾಗಲೆಂದು ಅವನ ಬೌಲರ್ ಶೈನ್ ಬೇಕೆಂದೇ ಚೆಂಡನ್ನು ಮೂರು ಸಲ ಬೌಂಡರಿಗೆ ಅಟ್ಟಿ 12 ರನ್ ದಾನ ಮಾಡಿದ. ಗಣ್ಯರ ಪೆವಿಲಿಯನ್ನೇ ಕೂಗಾಡಿತು. ಬಹುಮಾನವಿಲ್ಲ, ಸಂಬಳವಿಲ್ಲ, ಇಬ್ಬರೂ ಹವ್ಯಾಸಿಗಳೇ. ಗೆಲುವಿನ ಹಸಿವು ಮಾತ್ರ ಯಾವ ವೃತ್ತಿಪರನಿಗೂ ಕಡಿಮೆಯಿಲ್ಲ. ಆ ಜಾಣತನ ಅವರಿಗೇ ತಿರುಗಿ ಬಡಿಯಿತು. ಕೊನೆಯ ಇನ್ನಿಂಗ್ಸಿನಲ್ಲಿ 330 ಬೇಕಿದ್ದ ಆಕ್ಸ್‌ಫರ್ಡಿಗಾಗಿ ಇದೇ ಸ್ಮಿತ್ 132 ಬಾರಿಸಿದ. ನಾಲ್ಕು ವಿಕೆಟ್ ಉಳಿಸಿಕೊಂಡು ಅವನ ತಂಡ ಗೆದ್ದಿತು.

ಸ್ಮಿತ್‌ನನ್ನು ಸಭ್ಯ ಹವ್ಯಾಸಿಗಳ ಮೂರ್ತಿಯಾಗಿ ನಿಲ್ಲಿಸಿದವರು ಅವನ ಕಾಲ್ಚಳಕವನ್ನೇ ಮರೆಮಾಡಿದ್ದಾರೆ. ಸಂಬಳ ಪಡೆದಿದ್ದರೂ ಅವನ ಪಾಸ್ ಅಷ್ಟೇ ಚೆನ್ನಾಗಿರುತ್ತಿತ್ತು. 23 ಪಂದ್ಯಗಳಲ್ಲಿ 28 ಗೋಲು ಹೊಡೆದ ಬ್ಲೂಮರ್ ಅದಕ್ಕೆ ಸಾಕ್ಷಿ.

1901ರಲ್ಲಿ ವೃತ್ತಿಪರರ ಸಂಬಳಕ್ಕೆ ವಾರಕ್ಕೆ 4 ಪೌಂಡಿನ ಮಿತಿ ಬಿತ್ತು. ಮರುವರ್ಷ ಸ್ಮಿತ್ ಲಡ್‌ಗ್ರೋವ್ ಶಾಲೆಯ ಜಂಟಿ ಮುಖ್ಯೋಪಾಧ್ಯಾಯನಾಗಿ ಸಿರಿವಂತರ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಬ್ಲೂಮರ್ 1914ರವರೆಗೂ ಆಡುತ್ತಲೇ ಇದ್ದ.