ಅಕ್ಷಹೃದಯದ ಮಾರಾಟಗಾರರು

ಜೂಜಿನಲ್ಲಿ ಸೋತವನು ಆಟವನ್ನು ದ್ವೇಷಿಸುವುದು ಅಪರೂಪ. ಆಟಕ್ಕೊಂದು ಗುಟ್ಟಿದೆ, ಗೆದ್ದವರಿಗೆ ಅದು ತಿಳಿದಿದೆ, ತನಗೆ ಮಾತ್ರ ಇನ್ನೂ ತಿಳಿದಿಲ್ಲ ಎಂದು ಅವನು ನಂಬುತ್ತಾನೆ. ಈ ನಂಬಿಕೆ ಇಂದು ನಿನ್ನೆಯದಲ್ಲ. ಪುಷ್ಕರನೊಂದಿಗೆ ಜೂಜಾಡಿ ರಾಜ್ಯ ಕಳೆದುಕೊಂಡ ನಳನು ಋತುಪರ್ಣ ರಾಜನಿಂದ 'ಅಕ್ಷಹೃದಯ'ವೆಂಬ ದಾಳಗಳ ರಹಸ್ಯವಿದ್ಯೆಯನ್ನು ಕಲಿತು, ಮರಳಿ ಬಂದು ಗೆದ್ದ ಕಥೆ ಮಹಾಭಾರತದ ಅರಣ್ಯಪರ್ವದಲ್ಲಿದೆ. ಕನಕದಾಸರ ನಳಚರಿತ್ರೆಯಿಂದಾಗಿ ಕನ್ನಡಿಗರಿಗೆ ನಳನು ಪರಕೀಯನಲ್ಲ. ಆದರೆ ಕಥೆ ಕೇಳಿದವರು ಒಂದು ವಿವರವನ್ನು ಮರೆಯುತ್ತಾರೆ. ಋತುಪರ್ಣನು ಆ ವಿದ್ಯೆಯನ್ನು ಸಂತೆಯಲ್ಲಿ ಕೂಗಿ ಮಾರಲಿಲ್ಲ. ಅಶ್ವಹೃದಯವೆಂಬ, ಅಷ್ಟೇ ಬೆಲೆಬಾಳುವ ಕುದುರೆಗಳ ವಿದ್ಯೆಗೆ ಬದಲಾಗಿ ಅದನ್ನು ಒಬ್ಬನೇ ಒಬ್ಬನಿಗೆ ಕೊಟ್ಟನು.

ಇಂದು ಅಕ್ಷಹೃದಯವು ಸಂತೆಯ ಸರಕಾಗಿದೆ. ವೈಟ್‌ಫೀಲ್ಡಿನ ಪಿ.ಜಿ. ಕೊಠಡಿಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳಲ್ಲಿ, ಪೀಣ್ಯದ ಕಾರ್ಖಾನೆಗಳ ರಾತ್ರಿ ಪಾಳಿಯ ಟೀ ವಿರಾಮದಲ್ಲಿ ಟೆಲಿಗ್ರಾಂ ಮತ್ತು ವಾಟ್ಸಾಪ್ ಗುಂಪುಗಳ ಮೂಲಕ ಅದು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿದೆ. ಅದರ ಈಗಿನ ಹೆಸರು 'ಪ್ರಿಡಿಕ್ಟರ್'. ಬೆಟ್ಟಿಂಗ್ ಆ್ಯಪನ್ನು ಸೋಲಿಸುವ ಆ್ಯಪ್ ಎಂಬುದು ಅದರ ಘೋಷಣೆ. ಜೂಜಿನ ಕೇಡನ್ನು ಕುರಿತು ಈ ಪುಟಗಳಲ್ಲಿ ಓದುಗರು ಬೇಕಾದಷ್ಟು ಓದಿರಬಹುದು. ಜೂಜಿನ ವೈರಿಯ ವೇಷ ಧರಿಸಿ ಬರುವ ಈ ಎರಡನೆಯ ವಂಚನೆಯನ್ನು, ಒಂದು ಕೃತಿಯನ್ನು ಪರಿಶೀಲಿಸುವಂತೆ ಪರಿಶೀಲಿಸುವುದು ನನ್ನ ಉದ್ದೇಶ.

ಮೊದಲು ಆಟವನ್ನು ತಿಳಿಯೋಣ. ಸ್ಪ್ರೈಬ್ ಎಂಬ ಕಂಪನಿ 2019ರಲ್ಲಿ ಹೊರತಂದ 'ಏವಿಯೇಟರ್' ಇವುಗಳಲ್ಲಿ ಹೆಸರುವಾಸಿಯಾದುದು. ತೆರೆಯ ಮೇಲೆ ಪುಟ್ಟ ಕೆಂಪು ವಿಮಾನವೊಂದು ಮೇಲೇರುತ್ತದೆ. ಅದು ಏರಿದಂತೆ ಕಟ್ಟಿದ ಹಣ ಒಂದೂವರೆ ಪಟ್ಟು, ಎರಡು ಪಟ್ಟು, ಐದು ಪಟ್ಟು ಎಂದು ಬೆಳೆಯುತ್ತದೆ. ವಿಮಾನ ಮಾಯವಾಗುವುದರೊಳಗೆ ಗುಂಡಿ ಒತ್ತಿದವನಿಗೆ ಅಷ್ಟು ಹಣ, ಒತ್ತದವನಿಗೆ ಸೊನ್ನೆ. ಸುತ್ತು ಮುಗಿಯಲು ಕೆಲವು ಕ್ಷಣಗಳು ಸಾಕು.

ವಿಮಾನ ಯಾವಾಗ ಮಾಯವಾಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳುತ್ತೇನೆ ಎನ್ನುವುದೇ ಪ್ರಿಡಿಕ್ಟರ್. ಅದರ ರಂಗಸಜ್ಜಿಕೆ ಸೊಗಸಾಗಿದೆ. ಕಪ್ಪು ಹಿನ್ನೆಲೆ, ನಡುವೆ ತಿರುಗುವ ಹಸಿರು ವೃತ್ತ, 'ಸರ್ವರ್ ಸಂಪರ್ಕಿಸಲಾಗುತ್ತಿದೆ' ಎಂಬ ಒಕ್ಕಣೆ, ಕ್ಷಣಕಾಲದ ಕಾಯುವಿಕೆ, ಬಳಿಕ ಹೊಳೆಯುವ ಒಂದು ಅಂಕಿ. ಆ ಕಾಯುವಿಕೆಯಲ್ಲಿ ಯಾವ ಲೆಕ್ಕವೂ ನಡೆಯುತ್ತಿರುವುದಿಲ್ಲ. ಶಾಸ್ತ್ರ ಹೇಳುವವನು ಕವಡೆ ಹಾಕಿ ಕಣ್ಮುಚ್ಚುವ ಕ್ಷಣದಂತೆ ಅದು ನಂಬಿಕೆ ಹುಟ್ಟಿಸುವ ಮೌನ, ಅಷ್ಟೇ. ಭಾಷೆಯೋ ಪ್ರಯೋಗಶಾಲೆಯಿಂದ ಎರವಲು ತಂದದ್ದು: ಕೃತಕ ಬುದ್ಧಿಮತ್ತೆ, ಅಲ್ಗಾರಿದಂ, ನೂರಕ್ಕೆ 95ರಷ್ಟು ನಿಖರತೆ. ನೂರಕ್ಕೆ ನೂರು ಎಂದು ಏಕೆ ಹೇಳುವುದಿಲ್ಲ? ಉಳಿದ ಐದರಲ್ಲಿ ನಿಮ್ಮ ಸೋಲುಗಳೆಲ್ಲಕ್ಕೂ ಜಾಗ ಮಾಡಿಕೊಡಬೇಕಲ್ಲ! ಭವಿಷ್ಯ ಸುಳ್ಳಾದಾಗ ಉತ್ತರ ಸಿದ್ಧವಾಗಿರುತ್ತದೆ. ನಿಮ್ಮ ಖಾತೆ ಸರಿಯಾಗಿ ಜೋಡಣೆಯಾಗಿಲ್ಲ, ಇನ್ನೂ ಸ್ವಲ್ಪ ಹಣ ಜಮಾ ಮಾಡಿ, ಪ್ರೀಮಿಯಂ ಆವೃತ್ತಿ ಕೊಳ್ಳಿ. ಯಾವ ಸೋಲಿನಿಂದಲೂ ಸುಳ್ಳೆಂದು ತೋರಿಸಲಾಗದ ಮಾತು ಜ್ಞಾನವೆನಿಸುವುದಿಲ್ಲ ಎಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು.

ತಾಂತ್ರಿಕವಾಗಿಯೂ ಇದು ಅಸಾಧ್ಯ. ಕಂಪನಿಯೇ ವಿವರಿಸಿರುವಂತೆ, ಪ್ರತಿ ಸುತ್ತಿನ ಫಲಿತಾಂಶವು ಕಂಪನಿಯ ಸರ್ವರ್ ಸೃಷ್ಟಿಸುವ ಒಂದು ಗುಪ್ತಸಂಖ್ಯೆಯನ್ನು ಆ ಸುತ್ತಿನಲ್ಲಿ ಮೊದಲು ಬಾಜಿ ಕಟ್ಟಿದ ಮೂವರ ಕಡೆಯಿಂದ ಬರುವ ಸಂಖ್ಯೆಗಳೊಂದಿಗೆ ಬೆರೆಸಿ ಹುಟ್ಟುತ್ತದೆ. ಮುದ್ರೆಯೊತ್ತಿದ ಲಕೋಟೆಯೊಂದು ಆಗಲೇ ಮೇಜಿನ ಮೇಲಿದೆ, ಆದರೆ ಅದಕ್ಕೆ ಸೇರಬೇಕಾದ ಮೂರು ಚೀಟಿಗಳು ಇನ್ನೂ ಬರೆಯಲ್ಪಟ್ಟಿಲ್ಲ. ಇನ್ನೂ ಹುಟ್ಟದಿರುವ ಅಂಕಿಯನ್ನು ಯಾರು ಕದ್ದು ನೋಡಬಲ್ಲರು? ಇದು ಅಸಲಿ ಆಟದ ಮಾತು. ಅದೇ ವಿಮಾನದ ಚಿತ್ರವನ್ನಿಟ್ಟು ನಡೆಸುವ ನಕಲಿ ತಾಣಗಳಲ್ಲಿ ಲಕೋಟೆ, ಚೀಟಿ, ಮೇಜು ಎಲ್ಲವೂ ವಂಚಕನ ಮನೆಯವೇ.

ಆದರೂ ಯಂತ್ರವಿದ್ಯೆ ತಿಳಿಯದವರೂ ಕೇಳಬಹುದಾದ ಪ್ರಶ್ನೆಯೊಂದಿದೆ, ನನ್ನ ದೃಷ್ಟಿಯಲ್ಲಿ ಅದೊಂದೇ ಸಾಕು. ಪ್ರಿಡಿಕ್ಟರ್ ಕೊಡುವವನು ಸಾಮಾನ್ಯವಾಗಿ ಹಾಕುವ ಷರತ್ತು ಇದು: ನಾನು ಕೊಡುವ ಲಿಂಕಿನ ಮೂಲಕವೇ, ನನ್ನ ಪ್ರೋಮೋ ಕೋಡ್ ಹಾಕಿಯೇ, ಬೆಟ್ಟಿಂಗ್ ತಾಣದಲ್ಲಿ ಹೊಸ ಖಾತೆ ತೆರೆಯಬೇಕು, ಕನಿಷ್ಠ ಇಷ್ಟು ಹಣ ಜಮಾ ಮಾಡಬೇಕು, ಆಮೇಲೆ ಪ್ರಿಡಿಕ್ಟರ್ ಚಾಲೂ ಆಗುತ್ತದೆ. ಬೆಟ್ಟಿಂಗ್ ಕಂಪನಿಯ ಬೀಗ ಮುರಿದವನಿಗೆ ನೀವು ಆ ಕಂಪನಿಗೆ ಯಾರ ಬಾಗಿಲಿನಿಂದ ಹೋದರೇನು? ಕಾರಣವಿದೆ. ಈ ತಾಣಗಳು ಗಿರಾಕಿಗಳನ್ನು ಕರೆತರುವ ದಲ್ಲಾಳಿಗಳಿಗೆ ಕಮಿಷನ್ ಕೊಡುತ್ತವೆ. ಹಲವೆಡೆ ಆ ಕಮಿಷನ್ ಎಂದರೆ ಕರೆತಂದ ಗಿರಾಕಿ ಕಳೆದುಕೊಂಡ ಹಣದಲ್ಲಿ ಒಂದು ಪಾಲು. ಅಂದರೆ ನಿಮ್ಮನ್ನು ಗೆಲ್ಲಿಸುತ್ತೇನೆಂದು ಮಾತು ಕೊಟ್ಟವನ ಆದಾಯ ನಿಮ್ಮ ಸೋಲಿನಲ್ಲಿದೆ. ಅವನು ಜೂಜುಕಟ್ಟೆಯ ವೈರಿಯಲ್ಲ, ಅದರ ಹಿಂಬಾಗಿಲಿನ ಕಾವಲುಗಾರ. ಮುಂಬಾಗಿಲಿನಿಂದ ಸೋತು ಹೊರಬಂದವರನ್ನು ಕೈಹಿಡಿದು ಮತ್ತೆ ಒಳಗೆ ಕರೆದೊಯ್ಯುವುದು ಅವನ ಉದ್ಯೋಗ.

ಆಟವನ್ನು ಬುದ್ಧಿಯಿಂದ ಸೋಲಿಸಿದವರು ಯಾರೂ ಇಲ್ಲವೇ ಎಂದು ವಿದ್ಯಾವಂತ ತರುಣರು ಕೇಳುತ್ತಾರೆ. ಇದ್ದಾರೆ. ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟು ಆಟದಲ್ಲಿ ಗೆಲ್ಲುವ ವಿಧಾನವನ್ನು 1962ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಆಟದಲ್ಲಿ ಬಿದ್ದ ಎಲೆ ಕಟ್ಟಿನಿಂದ ಕಡಿಮೆಯಾಗುತ್ತದೆ, ಹಾಗಾಗಿ ಉಳಿದ ಎಲೆಗಳ ಬಗ್ಗೆ ಕಣ್ಣಿಟ್ಟವನಿಗೆ ಸುಳಿವು ಸಿಗುತ್ತದೆ. ಕ್ಯಾಸಿನೋಗಳು ಕೈಕಟ್ಟಿ ಕೂರಲಿಲ್ಲ. ಎಲೆಕಟ್ಟುಗಳನ್ನು ಹೆಚ್ಚಿಸಿದವು, ಲೆಕ್ಕ ಹಾಕುವವರನ್ನು ಹೊರಗಟ್ಟಿದವು. ವಿಮಾನದ ಆಟದಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಸಂಬಂಧವೇ ಇಲ್ಲ; ನೆನಪಿಲ್ಲದ ಆಟದಲ್ಲಿ ಸುಳಿವೆಲ್ಲಿಯದು?

ಇನ್ನೊಂದು 'ಗುಟ್ಟು' ಯಂತ್ರವಿಲ್ಲದೆಯೇ ಹರಡುತ್ತಿದೆ. ಸೋತಾಗಲೆಲ್ಲ ಬಾಜಿಯನ್ನು ದುಪ್ಪಟ್ಟು ಮಾಡು, ಒಮ್ಮೆ ಗೆದ್ದರೆ ಎಲ್ಲವೂ ಮರಳಿ ಬರುತ್ತದೆ ಎಂಬ ಉಪದೇಶ. ಕಾಗದ ಪೆನ್ಸಿಲ್ ಹಿಡಿದು ಮಕ್ಕಳೊಂದಿಗೆ ಕುಳಿತು ಈ ಲೆಕ್ಕ ಮಾಡಿನೋಡಿ. ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 97 ಆಟಗಾರರಿಗೆ ಮರಳುತ್ತದೆ ಎಂದು ಏವಿಯೇಟರ್ ಹೇಳಿಕೊಳ್ಳುತ್ತದೆ. ಇದರರ್ಥ, ಹಣ ಎರಡು ಪಟ್ಟಾಗುವವರೆಗೆ ವಿಮಾನ ಉಳಿಯುವ ಸಂಭವ ನೂರಕ್ಕೆ ನಲವತ್ತೆಂಟೂವರೆ. 100 ರೂಪಾಯಿಯಿಂದ ಆರಂಭಿಸಿ 200, 400, 800 ಎಂದು ಹೋದರೆ, ಏಳನೆಯ ಬಾಜಿಯೂ ಸೋತಾಗ ಕೈಬಿಟ್ಟದ್ದು 12,700 ರೂಪಾಯಿ. ಎಂಟನೆಯ ಬಾಜಿಗೆ ಬೇಕಾದದ್ದು ಇನ್ನೂ 12,800. ಸತತ ಏಳು ಸೋಲಿನ ಸಂಭವ ಸುಮಾರು 104ರಲ್ಲಿ ಒಂದು. ಉಳಿದ 103 ಸಲವೂ ಗೆದ್ದನೆಂದೇ ಇಟ್ಟುಕೊಳ್ಳಿ, ಸಲಕ್ಕೆ 100ರಂತೆ 10,300 ಬಂತು, ಒಂದೇ ಸಲಕ್ಕೆ 12,700 ಹೋಯಿತು. ಕ್ಷಣಕ್ಷಣಕ್ಕೂ ಸುತ್ತು ಮುಗಿಯುವ ಆಟದಲ್ಲಿ ಈ 104 ಸರದಿಗಳಿಗೆ ಒಂದೆರಡು ರಾತ್ರಿ ಸಾಕು. ಮೊದಲ ನೂರು ಗೆಲುವುಗಳ ಸುದ್ದಿ ಗೆಳೆಯರಿಗೆಲ್ಲ ತಲುಪುತ್ತದೆ, ಕೊನೆಯ ಆ ಒಂದು ಸೋಲಿನ ಸುದ್ದಿ ಹೆಂಡತಿಗೂ ತಲುಪುವುದಿಲ್ಲ.

ಕ್ರಿಕೆಟ್ 'ಟಿಪ್ಸ್' ಗುಂಪುಗಳ ಜಾಣತನ ಇದಕ್ಕಿಂತ ಸರಳ. 3,200 ಜನರ ಮೊಬೈಲ್ ಸಂಖ್ಯೆಗಳಿವೆ ಎಂದಿಟ್ಟುಕೊಳ್ಳಿ. ಇಂದಿನ ಟಾಸ್ ಆರ್‌ಸಿಬಿಗೆ ಎಂದು ಅರ್ಧ ಜನರಿಗೆ, ಎದುರಾಳಿಗೆ ಎಂದು ಇನ್ನರ್ಧ ಜನರಿಗೆ ಸಂದೇಶ ಹೋಗುತ್ತದೆ. ತಪ್ಪು ಸಂದೇಶ ಪಡೆದವರನ್ನು ಕೈಬಿಟ್ಟು, ಉಳಿದ 1,600 ಜನರನ್ನು ನಾಳೆ ಮತ್ತೆ ಎರಡು ಭಾಗ ಮಾಡಲಾಗುತ್ತದೆ. ಐದು ಪಂದ್ಯ ಮುಗಿಯುವಾಗ, ಸತತವಾಗಿ ಐದೂ ಭವಿಷ್ಯ ನಿಜವಾದುದನ್ನು ಕಣ್ಣಾರೆ ಕಂಡ ನೂರು ಮಂದಿ ಉಳಿಯುತ್ತಾರೆ. ಅವರಿಗೆ ಇದು ಪವಾಡ. ಆರನೆಯ ಟಿಪ್ಸ್‌ಗೆ ಅವರು ಒಡವೆ ಅಡವಿಟ್ಟಾದರೂ ಹಣ ಕೊಡುತ್ತಾರೆ. ಬ್ರಿಟನ್ನಿನ ಡೆರೆನ್ ಬ್ರೌನ್ ಎಂಬ ಪ್ರದರ್ಶನಕಾರ 2008ರಲ್ಲಿ ಚಾನೆಲ್ 4 ವಾಹಿನಿಯಲ್ಲಿ ಕುದುರೆ ಜೂಜನ್ನಿಟ್ಟುಕೊಂಡು ಇದನ್ನೇ ಬಯಲು ಮಾಡಿ ತೋರಿಸಿದರು. 7,776 ಜನರಿಂದ ಆರಂಭಿಸಿ, ಆರು ಕುದುರೆಗಳ ಐದು ಓಟಗಳ ನಂತರ, ಐದೂ ಗೆಲುವು ಕಂಡ ಒಬ್ಬ ಮಹಿಳೆ ಉಳಿದರು. ಉಳಿದ 7,775 ಜನ ಅವರ ಕಣ್ಣಿಗೆ ಬೀಳಲೇ ಇಲ್ಲ.

ನಮ್ಮ ಹಿರಿಯರ ಕಾಲದಲ್ಲೂ ಓಸಿ ಆಟದ ಚಾರ್ಟ್ ಹಿಡಿದು ಹಳೆಯ ಅಂಕಿಗಳಿಗೆ ಗೆರೆ ಎಳೆಯುತ್ತ ಕುಳಿತವರಿದ್ದರು, ರೇಸಿನ ದಿನ ಟಿಪ್ಸ್ ಪುಸ್ತಕ ಕೊಂಡವರಿದ್ದರು. ಆದರೆ ಚಾರ್ಟ್ ಹಿಡಿದವನನ್ನು ಬೀದಿಯೇ ನಕ್ಕು ಎಚ್ಚರಿಸುತ್ತಿತ್ತು. ಇಂದಿನ ಬೆಂಗಳೂರಿನ ಹೊರವಲಯದಲ್ಲಿ ಪ್ರಿಡಿಕ್ಟರನ್ನು ನೋಡಿ ನಗುವವರು ಕಡಿಮೆ. ಇಲ್ಲಿ ಸಾಫ್ಟ್‌ವೇರ್ ಎನ್ನುವುದು ಅನ್ನ ಕೊಡುವ ವಿದ್ಯೆ. ಯಾವ ಪ್ರೋಗ್ರಾಮಿನಲ್ಲೂ ದೋಷವಿದ್ದೇ ಇರುತ್ತದೆ, ಹುಡುಕಿದವನಿಗೆ ಸಿಗುತ್ತದೆ ಎಂಬುದು ವೈಟ್‌ಫೀಲ್ಡಿನ ಎಂಜಿನಿಯರನಿಗೆ ದಿನನಿತ್ಯದ ಅನುಭವ. ಆ ವೃತ್ತಿಯ ನಂಬಿಕೆಯನ್ನೇ ವಂಚಕನು ಗಾಳವಾಗಿಸುತ್ತಾನೆ. ಪೀಣ್ಯದ ಗುತ್ತಿಗೆ ಕಾರ್ಮಿಕನಿಗೆ ಬೀಸುವ ಗಾಳ ಬೇರೆ. ಅವನಿಗೆ ಆ ವಿದ್ಯೆ ಕಲಿಯುವ ಅವಕಾಶ ಸಿಗಲಿಲ್ಲ, ಈಗ ಅದು ಅಂಗೈಗೆ ಬಂದಿದೆ ಎಂಬ ಆಸೆ. ವಿದ್ಯಾವಂತನ ಅಹಂಕಾರವೂ ಬಡವನ ಆಸೆಯೂ ಒಂದೇ ಆ್ಯಪಿಗೆ ಬಂದು ಬೀಳುತ್ತವೆ.

ನಂಬಿಸಲು ದೊಡ್ಡವರ ಮುಖಗಳೂ ಕಳವಾಗುತ್ತಿವೆ. ಎಲೆಕ್ಟ್ರಾನಿಕ್ ಸಿಟಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು, ತಾವು ಸ್ವಯಂಚಾಲಿತ ಹೂಡಿಕೆ ಆ್ಯಪ್‌ಗಳನ್ನು ಶಿಫಾರಸು ಮಾಡುತ್ತಿರುವಂತೆ ತೋರಿಸುವ ವಿಡಿಯೋಗಳು ನಕಲಿ ಎಂದು 2023ರ ಡಿಸೆಂಬರಿನಲ್ಲಿ ಎಚ್ಚರಿಸಬೇಕಾಯಿತು. ಮರುತಿಂಗಳೇ ಸಚಿನ್ ತೆಂಡೂಲ್ಕರ್ ಅವರೂ ಗೇಮಿಂಗ್ ಆ್ಯಪೊಂದರ ಪರವಾಗಿ ತಮ್ಮ ಮುಖ, ಧ್ವನಿ ಬಳಸಿ ಮಾಡಿದ ವಿಡಿಯೋ ಸುಳ್ಳೆಂದು ಸಾರಿದರು.

ಹಣಕ್ಕಿಂತ ಮುಂದಿನ ಅಪಾಯವನ್ನೂ ಹೇಳಬೇಕು. ಪ್ಲೇ ಸ್ಟೋರಿನ ಹೊರಗಿನಿಂದ, ವಾಟ್ಸಾಪಿನಲ್ಲಿ ಬಂದ ಕಡತದಿಂದ ಹಾಕಿಕೊಳ್ಳುವ ಇಂತಹ ಆ್ಯಪ್ ಸಂದೇಶಗಳನ್ನು ಓದುವ ಅನುಮತಿ ಕೇಳಿದರೆ, ಬ್ಯಾಂಕಿನ ಒಟಿಪಿಯೂ ಅದರ ಕಣ್ಣಿಗೆ ಬೀಳುತ್ತದೆ. 'ನಿನ್ನ ಬ್ಯಾಂಕ್ ಖಾತೆಯನ್ನು ಕೆಲವು ದಿನ ಬಾಡಿಗೆಗೆ ಕೊಡು, ಕಮಿಷನ್ ಕೊಡುತ್ತೇವೆ' ಎಂಬ ಆಮಿಷವೂ ಇದೇ ಗುಂಪುಗಳಲ್ಲಿ ಬರುತ್ತದೆ. ಸೋತ ಹುಡುಗ ಒಪ್ಪಿಕೊಂಡರೆ, ಬೇರೆಯವರಿಂದ ದೋಚಿದ ಹಣ ಅವನ ಖಾತೆಯಲ್ಲಿ ಹಾದುಹೋಗುತ್ತದೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವನದನ್ನೇ.

'ಫಾದರ್, ಹಬ್ಬದಲ್ಲಿ ಹೌಸಿ ಆಡಿಸುವವರು ನೀವೇ ಅಲ್ಲವೇ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದೃಷ್ಟದ ಆಟ ತನ್ನಷ್ಟಕ್ಕೆ ತಾನೇ ಅನ್ಯಾಯವಲ್ಲ, ಆದರೆ ತನ್ನ ಮತ್ತು ತನ್ನವರ ಅಗತ್ಯಗಳನ್ನು ಕಸಿದುಕೊಂಡಾಗ ಅದು ಒಪ್ಪತಕ್ಕದ್ದಲ್ಲ, ಆಟದಲ್ಲಿ ಮೋಸವಂತೂ ಗಂಭೀರ ವಿಷಯ ಎಂಬುದು ಕಥೋಲಿಕ ಧರ್ಮಸಭೆಯ ಬೋಧನೆ. ಹೌಸಿ ಟಿಕೇಟಿನ ಬೆಲೆ ಗೊತ್ತು, ಬಹುಮಾನ ಗೊತ್ತು, ಉಳಿದ ಹಣ ಎಲ್ಲಿಗೆ ಹೋಗುತ್ತದೆಂದೂ ಗೊತ್ತು. ಸಂಜೆ ಏಳಕ್ಕೆ ಅದು ಮುಗಿಯುತ್ತದೆ. ಹೌಸಿ ಗೆಲ್ಲಿಸುವ ಯಂತ್ರವನ್ನು ಗುಡಿಯ ಹಿಂದೆ ಯಾರಾದರೂ ಮಾರಿದರೆ ಅವನನ್ನು ನಾವು ಏನು ಮಾಡುತ್ತೇವೆಂಬುದನ್ನು ಓದುಗರು ಊಹಿಸಬಲ್ಲರು.

ಕಾನೂನು ಸುಮ್ಮನಿಲ್ಲ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದರಲ್ಲಿ ನಮ್ಮ ಕುಟುಂಬಗಳು ಗಮನಿಸಬೇಕಾದ ಅಂಶವೆಂದರೆ, ಅದು ಶಿಕ್ಷೆ ವಿಧಿಸುವುದು ಹಣದ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ ಮತ್ತು ಹಣ ಸಾಗಿಸಲು ನೆರವಾಗುವವರಿಗೆ, ಆಡಿ ಸೋತವರಿಗಲ್ಲ. ಪೊಲೀಸರ ಭಯದಿಂದ ಬಾಯಿಮುಚ್ಚಿಕೊಂಡಿರುವ ಮನೆಗಳು ಇದನ್ನು ತಿಳಿಯಬೇಕು. 2024ರ ಮಾರ್ಚ್‌ನಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ, ಪತಿಯ ಕ್ರಿಕೆಟ್ ಬೆಟ್ಟಿಂಗ್ ಸಾಲಕ್ಕಾಗಿ ಸಾಲಗಾರರು ಕೊಟ್ಟ ಕಿರುಕುಳ ತಾಳಲಾರದೆ ಎಳೆಯ ತಾಯಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆಕೆ ಆಡಿದವಳಲ್ಲ.

ಸೋತವರನ್ನು ಹುಡುಕಿಕೊಂಡು ಮೂರನೆಯ ಕರೆಯೂ ಬರಬಹುದು. 'ಕಳೆದುಹೋದ ಹಣವನ್ನು ಮರಳಿ ಕೊಡಿಸುತ್ತೇವೆ, ಮುಂಗಡ ಶುಲ್ಕ ಕಟ್ಟಿ' ಎನ್ನುವ ಕರೆ. ಅದೂ ಇದೇ ಅಂಗಡಿಯ ಸರಕು. ದುಡ್ಡು ಕೇಳದೆ ಕೆಲಸ ಮಾಡುವ ಸಂಖ್ಯೆ 1930, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಹಣ ಹೋದ ಮೊದಲ ಗಂಟೆಗಳಲ್ಲೇ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಅವಕಾಶವಿರುತ್ತದೆ. ಆಟದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಎಂಬ ಚಿಕಿತ್ಸಾಲಯವಿದೆ, ಮನಸ್ಸು ತೀರ ಕುಸಿದಿದ್ದರೆ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ದೂರು ಕೊಡುವಾಗ ಯುಪಿಐ ವ್ಯವಹಾರದ ಸಂಖ್ಯೆ, ಸಮಯ, ಗುಂಪಿನ ಹೆಸರು, ಪ್ರಿಡಿಕ್ಟರ್ ಕೊಟ್ಟವನ ಸಂದೇಶಗಳು ಬೇಕಾಗುತ್ತವೆ. ನಾಚಿಕೆಯಿಂದ ಹುಡುಗರು ಮೊದಲು ಅಳಿಸಿಹಾಕುವುದು ಅವುಗಳನ್ನೇ. ಮನೆಯವರು ಬೈಯುವುದಕ್ಕೆ ಮುಂಚೆ ಆ ಮೊಬೈಲನ್ನು ಹಾಗೆಯೇ ಎತ್ತಿಡಲಿ.