ಕೊನೆಯ ಚುಕ್ಕಿ

ಕುಬರ್ನೆಟೀಸ್ ಕ್ಲಸ್ಟರ್ ಎಷ್ಟು ಚೆನ್ನಾಗಿ ಕಟ್ಟಿದ್ದೇವೆ ಅನ್ನುವುದು ಗೊತ್ತಾಗುವುದು ಕರೆಂಟ್ ಹೋಗಿ ಬಂದಮೇಲೆ. ಯುಪಿಎಸ್ ಕೂಡ ಕೈಬಿಟ್ಟ ದಿನ ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮೂರು ಪುಟ್ಟ ಯಂತ್ರಗಳು ಒಟ್ಟಿಗೆ ಆರಿ ಒಟ್ಟಿಗೆ ಏಳುತ್ತವೆ. ಎದ್ದಮೇಲೆ ಒಳಗಿನ ಪಾಡ್‌ಗಳಿಗೆ ಹೊಸ ಐಪಿ ವಿಳಾಸ. ನಿನ್ನೆ 10.42.1.7ರಲ್ಲಿದ್ದ ಡೇಟಾಬೇಸ್ ಇವತ್ತು 10.42.1.23ರಲ್ಲಿ ಕೂತಿರುತ್ತದೆ. ಹಳೆಯ ಫೋಟೊಗಳನ್ನು ತೋರಿಸುವ ಆ್ಯಪ್‌ಗೆ ಇದರ ಸುಳಿವೂ ಹತ್ತಬಾರದು. ಅದು ಹೆಸರು ಹಿಡಿದು ಕರೆಯಬೇಕು, ಡೇಟಾಬೇಸ್ ಓಗೊಡಬೇಕು. ಆ ಕರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ಸುತ್ತುತ್ತದೆ ಅನ್ನುವುದು ಈ ವಾರದ ವಿಷಯ.

ಯಂತ್ರಗಳು ಕಚೇರಿಗಳು ಬಳಸಿ ಬಿಟ್ಟ ಮಿನಿ ಪಿಸಿಗಳು, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡದ್ದು. ಗಿಫರ್ಡ್, ಎಡ್ಗರ್, ಹೆನ್ರಿ ಅಂತ ಹೆಸರಿಟ್ಟಿದ್ದೇನೆ. ಮೂರೂ ಇಲ್ಲಿನ ಕೋಲಾರ ಚಿನ್ನದ ಗಣಿ ಶಾಫ್ಟ್‌ಗಳ ಹೆಸರು. ಊರಿನ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಹೆಸರುಗಳು ಬಾಯಲ್ಲಿ ಉಳಿದಿವೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ನೇರವಾಗಿ ಈ ಗಣಿಗಳಿಗೆ ಬಂತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ. ಈ ಊರಲ್ಲಿ ಕೂತು ಕರೆಂಟಿನ ಮಾತು ಎತ್ತಿದವನು ಇಷ್ಟನ್ನಾದರೂ ಹೇಳದೆ ಮುಂದೆ ಹೋಗಬಾರದು.

ಕುಬರ್ನೆಟೀಸ್‌ನಲ್ಲಿ ಪಾಡ್‌ಗೆ ಆಯುಸ್ಸು ಕಡಿಮೆ. ಆದ್ದರಿಂದ ಅದರ ಮುಂದೆ ‘ಸರ್ವಿಸ್’ ಅನ್ನುವುದೊಂದನ್ನು ನಿಲ್ಲಿಸುತ್ತಾರೆ. ಸರ್ವಿಸ್‌ಗೆ ಬದಲಾಗದ ಒಂದು ವಿಳಾಸ, ಬದಲಾಗದ ಒಂದು ಹೆಸರು. ಆ ಹೆಸರನ್ನು ವಿಳಾಸಕ್ಕೆ ತಿರುಗಿಸಿ ಕೊಡುವ ಕೆಲಸ ಕೋರ್‌ಡಿಎನ್‌ಎಸ್‌ನದು. ನೆದರ್ಲೆಂಡ್ಸ್‌ನ ಮೀಕ್ ಗೀಬೆನ್ 2016ರಲ್ಲಿ ಕ್ಯಾಡಿ ಎಂಬ ವೆಬ್ ಸರ್ವರ್‌ನ ಚೌಕಟ್ಟನ್ನೇ ತೆಗೆದುಕೊಂಡು ಇದನ್ನು ಶುರುಮಾಡಿದರು. ಮೊದಲಿದ್ದ ಕ್ಯೂಬ್-ಡಿಎನ್‌ಎಸ್‌ನಲ್ಲಿ ಒಂದೇ ಕೆಲಸಕ್ಕೆ ಮೂರು ಕಂಟೇನರ್ ಬೇಕಿತ್ತು. ಇದು ಒಂದರಲ್ಲೇ ಮುಗಿಸುತ್ತದೆ. 2018ರ ಕೊನೆಗೆ ಬಂದ 1.13ನೇ ಆವೃತ್ತಿಯಿಂದ ಕುಬರ್ನೆಟೀಸ್ ಇದನ್ನೇ ರೂಢಿಯ ಆಯ್ಕೆಯಾಗಿ ಇಟ್ಟುಕೊಂಡಿದೆ.

ಕೋರ್‌ಡಿಎನ್‌ಎಸ್‌ನ ಸಂರಚನೆಯ ಕಡತ, ಕೋರ್‌ಫೈಲ್, ನಾನು ಓದಿದ ಸಂರಚನಾ ಕಡತಗಳಲ್ಲೆಲ್ಲ ಚೆಲುವಾದದ್ದು. ಸುಮಾರು 20 ಸಾಲು, ಸಾಲಿಗೊಂದು ಪ್ಲಗಿನ್. ‘ಕುಬರ್ನೆಟೀಸ್’ ಅನ್ನುವ ಸಾಲು ಕ್ಲಸ್ಟರಿನ ಒಳಹೆಸರುಗಳಿಗೆ ಉತ್ತರ ಕೊಡುತ್ತದೆ, ‘ಕ್ಯಾಶ್’ ಕೊಟ್ಟ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಡುತ್ತದೆ, ‘ಫಾರ್ವರ್ಡ್’ ತನಗೆ ಗೊತ್ತಿಲ್ಲದ್ದನ್ನು ಹೊರಗಿನ ಸರ್ವರ್‌ಗೆ ದಾಟಿಸುತ್ತದೆ. ಮೇಲಿಂದ ಕೆಳಗೆ ಓದಿದಾಗ ಇದೇ ಕ್ರಮದಲ್ಲಿ ಕೆಲಸ ನಡೆಯುತ್ತದೆ ಅನ್ನಿಸುತ್ತದೆ. ಹಾಗಲ್ಲ. ಯಾವ ಪ್ಲಗಿನ್ ಮೊದಲು, ಯಾವುದು ನಂತರ ಅನ್ನುವುದು ತಂತ್ರಾಂಶವನ್ನು ಕಂಪೈಲ್ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಸಾಲುಗಳನ್ನು ಹಿಂದೆಮುಂದೆ ಮಾಡಿ ಫಲ ನಿರೀಕ್ಷಿಸಬೇಡಿ.

ನಮ್ಮಂಥ ಮನೆಯ ಕ್ಲಸ್ಟರಿಗೆ ಒಪ್ಪುವುದು ಕುಬರ್ನೆಟೀಸ್‌ನ ಹಗುರ ರೂಪವಾದ ಕೆ3ಎಸ್. ಅದರಲ್ಲಿ ಕೋರ್‌ಡಿಎನ್‌ಎಸ್ ಕೂಡಿಯೇ ಬರುತ್ತದೆ, 10.43.0.10 ವಿಳಾಸದಲ್ಲಿ ಕೂರುತ್ತದೆ. ಒಂದು ಎಚ್ಚರಿಕೆ: ಕೆ3ಎಸ್‌ನಲ್ಲಿ ಕೋರ್‌ಫೈಲನ್ನು ನೇರವಾಗಿ ತಿದ್ದಿದರೆ ಸರ್ವರ್ ಮತ್ತೆ ಶುರುವಾದಾಗ ತಿದ್ದಿದ್ದು ಅಳಿಸಿಹೋಗುತ್ತದೆ. ನಿಮ್ಮ ಸಾಲುಗಳನ್ನು ‘ಕೋರ್‌ಡಿಎನ್‌ಎಸ್-ಕಸ್ಟಮ್’ ಎಂಬ ಬೇರೆ ಕಾನ್ಫಿಗ್‌ಮ್ಯಾಪ್‌ನಲ್ಲಿ ಇಡಿ.

ಇನ್ನು ಹೆಸರುಗಳಿಗೆ ಬರೋಣ. ‘ಮನೆ’ ಎಂಬ ನೇಮ್‌ಸ್ಪೇಸ್‌ನಲ್ಲಿ ‘ಚಿತ್ರ’ ಎಂಬ ಸರ್ವಿಸ್ ಇದೆ ಅನ್ನಿ. (ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಮಾತ್ರ ನಡೆಯುತ್ತವೆ. ‘.ಭಾರತ’ ಅನ್ನುವ ಕನ್ನಡ ಲಿಪಿಯ ಡೊಮೈನ್ ಇಂಟರ್ನೆಟ್ಟಿನಲ್ಲಿ ಸಿಗುವ ಕಾಲದಲ್ಲಿ ಸರ್ವಿಸ್ ಹೆಸರನ್ನು ಕನ್ನಡದಲ್ಲಿ ಬರೆಯಲಾಗದಿರುವುದು ನನಗೆ ಬೇಸರದ ಸಂಗತಿ.) ಅದರ ಪೂರ್ಣ ಹೆಸರು ‘ಚಿತ್ರ.ಮನೆ.ಎಸ್‌ವಿಸಿ.ಕ್ಲಸ್ಟರ್.ಲೋಕಲ್’. ಆದರೆ ಇಷ್ಟುದ್ದ ಬರೆಯುವ ಅಗತ್ಯ ಯಾವಾಗಲೂ ಇರುವುದಿಲ್ಲ. ಆಂಡರ್ಸನ್‌ಪೇಟೆಯೊಳಗೆ ವಿಳಾಸ ಕೇಳುವವರಿಗೆ ಬೀದಿಯ ಹೆಸರು ಸಾಕು; ಮನೆ ರಾಬರ್ಟ್‌ಸನ್‌ಪೇಟೆಯಲ್ಲಿದ್ದರೆ ಪೇಟೆಯ ಹೆಸರು ಸೇರಿಸಬೇಕು; ದೂರದ ಊರಿಂದ ಕಾಗದ ಬರೆಯುವವರು ಕೆಜಿಎಫ್, ಕೋಲಾರ ಜಿಲ್ಲೆ ಅಂತ ಪೂರ್ತಿ ಬರೆಯಬೇಕು. ಇಲ್ಲೂ ಹಾಗೆಯೇ. ಅದೇ ನೇಮ್‌ಸ್ಪೇಸ್‌ನ ಪಾಡ್ ಬರೀ ‘ಚಿತ್ರ’ ಅಂದರೆ ನಡೆಯುತ್ತದೆ, ಪಕ್ಕದ ನೇಮ್‌ಸ್ಪೇಸ್‌ನದು ‘ಚಿತ್ರ.ಮನೆ’ ಅನ್ನಬೇಕು.

ಈ ಗಿಡ್ಡ ಹೆಸರುಗಳು ದಕ್ಕುವುದು ಪಾಡ್‌ನೊಳಗಿನ ಒಂದು ಸಣ್ಣ ಕಡತದಿಂದ: ‘ಇಟಿಸಿ’ ಫೋಲ್ಡರಿನ ‘ರಿಸಾಲ್ವ್.ಕಾನ್ಫ್’. ಮೂರೇ ಸಾಲು. ಮೊದಲನೆಯದು ನೇಮ್‌ಸರ್ವರ್‌ನ ವಿಳಾಸ. ಎರಡನೆಯದು ಹುಡುಕುವ ಪಟ್ಟಿ: ‘ಮನೆ.ಎಸ್‌ವಿಸಿ.ಕ್ಲಸ್ಟರ್.ಲೋಕಲ್’, ‘ಎಸ್‌ವಿಸಿ.ಕ್ಲಸ್ಟರ್.ಲೋಕಲ್’, ‘ಕ್ಲಸ್ಟರ್.ಲೋಕಲ್’. ಮೂರನೆಯದು ‘ಎನ್‌ಡಾಟ್ಸ್:5’. ಹೆಸರಿನಲ್ಲಿ ಐದಕ್ಕಿಂತ ಕಡಿಮೆ ಚುಕ್ಕಿ ಇದ್ದರೆ ಅದನ್ನು ಅಪೂರ್ಣ ಎಂದು ತಿಳಿದು ಮೊದಲು ಪಟ್ಟಿಯ ಒಂದೊಂದನ್ನೂ ಬಾಲಕ್ಕೆ ಅಂಟಿಸಿ ನೋಡು ಅಂತ ಇದರರ್ಥ.

ಈ ಮೂರನೆಯ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಪಾಡ್ ಒಳಗಿನ ಪ್ರೋಗ್ರಾಂ ‘ಡಬ್ಲ್ಯುಡಬ್ಲ್ಯುಡಬ್ಲ್ಯು.ಕರ್ನಾಟಕ.ಜಿಒವಿ.ಇನ್’ ತಾಣಕ್ಕೆ ಹೋಗಬೇಕು. ಚುಕ್ಕಿ ಮೂರೇ. ಹಾಗಾಗಿ ಆ ಹೆಸರಿನ ಬಾಲಕ್ಕೆ ‘ಮನೆ.ಎಸ್‌ವಿಸಿ.ಕ್ಲಸ್ಟರ್.ಲೋಕಲ್’ ಸೇರಿಸಿ ಕೇಳುತ್ತದೆ, ಅಂಥದ್ದಿಲ್ಲ ಅನ್ನುವ ಉತ್ತರ ಬರುತ್ತದೆ. ಎರಡನೆಯದನ್ನು ಸೇರಿಸಿ ಕೇಳುತ್ತದೆ, ಇಲ್ಲ. ಮೂರನೆಯದು, ಇಲ್ಲ. ಆಮೇಲೆ ಬರೀ ಹೆಸರು ಕೇಳಿದಾಗ ಉತ್ತರ ಸಿಗುತ್ತದೆ. ಸಾಮಾನ್ಯವಾಗಿ ಪ್ರತಿ ಸಲವೂ ಐಪಿವಿ4ಕ್ಕೊಂದು, ಐಪಿವಿ6ಕ್ಕೊಂದು ಪ್ರಶ್ನೆ ಹೋಗುತ್ತದೆ. ಎರಡು ಪ್ರಶ್ನೆಯಲ್ಲಿ ಮುಗಿಯಬೇಕಾದದ್ದಕ್ಕೆ ಎಂಟು ಪ್ರಶ್ನೆ. ಕೋರ್‌ಫೈಲಿಗೆ ‘ಲಾಗ್’ ಅನ್ನುವ ಒಂದೇ ಪದ ಸೇರಿಸಿ ನೋಡಿ, ಈ ಎಂಟೂ ಸಾಲಾಗಿ ಪರದೆಯ ಮೇಲೆ ಇಳಿಯುತ್ತವೆ. ದೊಡ್ಡ ಕ್ಲಸ್ಟರಿನಲ್ಲಿ ಕೋರ್‌ಡಿಎನ್‌ಎಸ್ ಮೇಲೆ ಬೀಳುವ ಹೊರೆಯ ಬಹುಪಾಲು ಇಂಥ ‘ಇಲ್ಲ’ಗಳೇ ಆಗಿರಬಹುದು.

ಐದು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಒಂದು ಸರ್ವಿಸ್‌ನ ಪೋರ್ಟ್ ಯಾವುದು ಅಂತಲೂ ಡಿಎನ್‌ಎಸ್‌ನಲ್ಲೇ ಕೇಳುವ ವ್ಯವಸ್ಥೆ ಇದೆ. ಅದಕ್ಕೆ ಪೋರ್ಟ್, ಪ್ರೋಟೊಕಾಲ್, ಸರ್ವಿಸ್, ನೇಮ್‌ಸ್ಪೇಸ್, ‘ಎಸ್‌ವಿಸಿ’ ಎಂಬ ಐದು ತುಂಡಿನ ಹೆಸರು ಬೇಕು. ನಾಲ್ಕು ಚುಕ್ಕಿ. ಅದೂ ಅಪೂರ್ಣ ಹೆಸರಾಗಿಯೇ ನಡೆಯಲಿ ಅಂತ ಮಿತಿಯನ್ನು ಐದಕ್ಕೆ ಇಟ್ಟರು. ಉದ್ದೇಶ ಒಳ್ಳೆಯದೇ, ಬೆಲೆ ಮಾತ್ರ ದುಬಾರಿಯಾಯಿತು.

ಇದರಲ್ಲಿ ಅನುಭವಸ್ಥರ ಕಣ್ಣಿಗೂ ತಪ್ಪುವ ಒಂದು ಸೂಕ್ಷ್ಮವಿದೆ. ‘ಚಿತ್ರ.ಮನೆ.ಎಸ್‌ವಿಸಿ.ಕ್ಲಸ್ಟರ್.ಲೋಕಲ್’ ಅಂತ ಪೂರ್ತಿ ಬರೆದವರು ತಾವು ಪಟ್ಟಿಯ ಸುತ್ತಾಟದಿಂದ ಪಾರಾದೆವು ಅಂದುಕೊಳ್ಳುತ್ತಾರೆ. ಅದರ ಚುಕ್ಕಿಗಳನ್ನು ಎಣಿಸಿ: ನಾಲ್ಕು. ಐದಾಗಲಿಲ್ಲ, ಅಂದಮೇಲೆ ಅದೂ ಪಟ್ಟಿಯೆಲ್ಲ ಸುತ್ತಿಯೇ ಬರುತ್ತದೆ. ಕೊನೆಯ ‘ಲೋಕಲ್’ ಆದಮೇಲೆ ಇನ್ನೊಂದು ಚುಕ್ಕಿ ಇಟ್ಟರೆ ಮಾತ್ರ ಅದು ನಿಜವಾಗಿ ಪೂರ್ಣ ಹೆಸರು. ಡಿಎನ್‌ಎಸ್‌ನಲ್ಲಿ ಆ ಚುಕ್ಕಿ ಬೇರಿನ ಗುರುತು. ಪಾಲ್ ಮೊಕಪೆಟ್ರಿಸ್ 1983ರಲ್ಲಿ ಈ ವ್ಯವಸ್ಥೆಯನ್ನು ರೂಪಿಸಿದಾಗಿನಿಂದ ಎಲ್ಲ ಹೆಸರೂ ಆ ಬೇರಿನಲ್ಲೇ ಮುಗಿಯುವುದು. ಅದಕ್ಕೂ ಮೊದಲು ಜಾಲಕ್ಕೆ ಸೇರಿದ ಕಂಪ್ಯೂಟರುಗಳ ಹೆಸರೆಲ್ಲ ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಕಡತದಲ್ಲಿದ್ದವು. ಎಲ್ಲರೂ ಅದನ್ನೇ ನಕಲಿಸಿಕೊಳ್ಳುತ್ತಿದ್ದರು.

ಕೆಲವು ವೆಬ್ ಸರ್ವರ್‌ಗಳು ಕೊನೆಯ ಚುಕ್ಕಿಯನ್ನು ಒಪ್ಪುವುದಿಲ್ಲ. ಅಂಥ ಕಡೆ ಪಾಡ್‌ನ ವಿವರದಲ್ಲೇ ‘ಡಿಎನ್‌ಎಸ್‌ಕಾನ್ಫಿಗ್’ ಬರೆದು ಎನ್‌ಡಾಟ್ಸ್ ಅನ್ನು 2ಕ್ಕೆ ಇಳಿಸಿ. ‘ಚಿತ್ರ’, ‘ಚಿತ್ರ.ಮನೆ’ ಎರಡೂ ಮೊದಲಿನಂತೆಯೇ ಸಿಗುತ್ತವೆ, ಹೊರಗಿನ ಉದ್ದ ಹೆಸರುಗಳು ನೇರವಾಗಿ ಹೋಗುತ್ತವೆ. ಮನೆಯ ಕ್ಲಸ್ಟರಿಗೆ ನನ್ನ ಮೆಚ್ಚಿನ ಪರಿಹಾರ ಇದೇ.

ಹೆಸರು ಸಿಗದೇ ಹೋದಾಗ ಬಹಳ ಜನ ಮೊದಲು ನೆಟ್‌ವರ್ಕನ್ನು ಬಿಚ್ಚಲು ಕೂರುತ್ತಾರೆ. ಅದು ನಂತರದ ಮಾತು. ಮೊದಲು ಪಾಡ್ ಒಳಗೆ ಹೋಗಿ ‘ರಿಸಾಲ್ವ್.ಕಾನ್ಫ್’ನ ಆ ಮೂರು ಸಾಲು ಓದಿ. ಆಮೇಲೆ ‘ಕುಬರ್ನೆಟೀಸ್.ಡೀಫಾಲ್ಟ್’ ಅನ್ನುವ ಹೆಸರು ಕೇಳಿ. ಅದು ಎಲ್ಲ ಕ್ಲಸ್ಟರಿನಲ್ಲೂ ಇರುತ್ತದೆ. ಅದು ಸಿಕ್ಕಿ ಹೊರಗಿನದು ಸಿಗದಿದ್ದರೆ ತೊಂದರೆ ಇರುವುದು ಹೆಚ್ಚಾಗಿ ‘ಫಾರ್ವರ್ಡ್’ ಸಾಲಿನ ಕಡೆ. ಕೋರ್‌ಡಿಎನ್‌ಎಸ್‌ನ ಪಾಡೇ ಎದ್ದು ಎದ್ದು ಬೀಳುತ್ತಿದ್ದರೆ ಅದರ ಲಾಗ್‌ನಲ್ಲಿ ‘ಲೂಪ್’ ಎಂಬ ಪದ ಹುಡುಕಿ. ಉಬುಂಟುವಿನಂಥ ಲಿನಕ್ಸ್‌ಗಳು ತಮ್ಮ ನೇಮ್‌ಸರ್ವರ್ ಅಂತ 127.0.0.53 ಎಂದು ಬರೆದಿರುತ್ತವೆ. ಅದು ಆಯಾ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಆ ಸಾಲು ಕೋರ್‌ಡಿಎನ್‌ಎಸ್ ಪಾಡ್‌ಗೆ ಸೇರಿದರೆ ಪ್ರಶ್ನೆ ತನ್ನಿಂದ ತನಗೇ ತಿರುಗುತ್ತದೆ. ‘ಲೂಪ್’ ಪ್ಲಗಿನ್ ಇದನ್ನು ಕಂಡುಹಿಡಿದು ಇಡೀ ಸರ್ವರ್ ಅನ್ನು ನಿಲ್ಲಿಸಿಬಿಡುತ್ತದೆ. ಕೊನೆಯಿಲ್ಲದೆ ಸುತ್ತುವುದಕ್ಕಿಂತ ನಿಲ್ಲುವುದು ಮೇಲು ಅನ್ನುವ ಈ ನಿರ್ಧಾರ ಮಾಡಿದವರ ಬಗ್ಗೆ ನನಗೆ ಗೌರವವಿದೆ. ‘ರನ್’ ಫೋಲ್ಡರಿನಲ್ಲಿ ಸಿಸ್ಟಮ್‌ಡಿ ಬರೆದಿಡುವ ನಿಜವಾದ ‘ರಿಸಾಲ್ವ್.ಕಾನ್ಫ್’ ಇರುತ್ತದೆ, ಪ್ರತಿ ಯಂತ್ರದಲ್ಲೂ ಪಾಡ್‌ಗಳನ್ನು ನಡೆಸುವ ಕ್ಯೂಬ್‌ಲೆಟ್‌ಗೆ ಅದನ್ನು ತೋರಿಸಿದರೆ ಸರಿಹೋಗುತ್ತದೆ.

ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ದಿನಾ ಬೆಂಗಳೂರಿನ ಕಂಪನಿಗಳಿಗೆ ಹೋಗಿಬರುವ ಹುಡುಗ ಹುಡುಗಿಯರಲ್ಲಿ ಕ್ಲಸ್ಟರ್ ನೋಡಿಕೊಳ್ಳುವವರು ಇದ್ದೇ ಇರುತ್ತಾರೆ. ನಾಳೆ ಕಚೇರಿಯಲ್ಲಿ ಬಿಡುವಾದಾಗ ಪರೀಕ್ಷೆಗೆಂದು ಇಟ್ಟ ಯಾವುದಾದರೂ ಪಾಡ್ ಒಳಹೊಕ್ಕು ‘ರಿಸಾಲ್ವ್.ಕಾನ್ಫ್’ ಕಡತ ತೆರೆಯಿರಿ. ಎನ್‌ಡಾಟ್ಸ್ ಐದೇ ಇದ್ದರೆ ಒಂದು ಹೊರಗಿನ ಹೆಸರನ್ನು ಚುಕ್ಕಿಯಿಲ್ಲದೆ ಒಮ್ಮೆ, ಚುಕ್ಕಿಯಿಟ್ಟು ಒಮ್ಮೆ ಕೇಳಿ, ಲಾಗ್‌ನ ಸಾಲುಗಳನ್ನು ಎಣಿಸಿ. ಏನು ಕಂಡಿತು ಅಂತ ನನಗೆ ಬರೆದು ತಿಳಿಸಿ.